ಅಪ್ಪ ಇಲ್ಲದವರ ಶಾಲೆ

ಹತ್ತೊಂಬತ್ತುನೂರ ನಲವತ್ತೊಂಬತ್ತರ ಬೇಸಿಗೆ. ಹುಮನಾಬಾದಿನಲ್ಲಿ ಕೆಲವು ದೊಡ್ಡ ಮನುಷ್ಯರು ಸೇರಿ, ಹಿಂದಿನ ವರ್ಷದ ಪೊಲೀಸ್ ಕಾರ್ಯಾಚರಣೆಯ ಗದ್ದಲದಲ್ಲಿ ತಂದೆ ಸತ್ತ ಹುಡುಗಿಯರಿಗೆಂದು ಒಂದು ಶಾಲೆ ತೆರೆದಿದ್ದರು. ಊಟ, ಬಟ್ಟೆ, ಪುಸ್ತಕ ಎಲ್ಲ ಪುಕ್ಕಟೆ. ಹಿಂದೂ, ಮುಸಲ್ಮಾನ ಎಂಬ ಭೇದವಿರಲಿಲ್ಲ. ತಂದೆ ಸತ್ತಿರಬೇಕು, ಅಷ್ಟೇ. ಧರ್ಮ ಮಾಡುವವರೂ ಕಾಯಿದೆ ಬಿಡುವುದಿಲ್ಲ ನೋಡಿ.

ಕಲ್ಯಾಣಿ ಊರಿನ ಹಜಿರಾ ಬೀ ಸಿಕ್ಕಿಹಾಕಿಕೊಂಡದ್ದು ಈ ಕಾಯಿದೆಯಲ್ಲೇ. ಗಂಡ ಯುನೂಸ್ ಗದ್ದಲದ ದಿನಗಳಲ್ಲಿ ತಂಗಿಯನ್ನು ಕರೆತರಲು ರಾಜೇಶ್ವರಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಊರೆಲ್ಲ ಸತ್ತ ಎಂದಿತು. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಎಂಟು ತಿಂಗಳಿಂದ ಮಗಳು ರಾಬಿಯಾಗೆ ಅಪ್ಪ ಬರುತ್ತಾರೆ ಎಂದೇ ಹೇಳುತ್ತ ಬಂದಿದ್ದಳು. ಆದರೆ ಹುಡುಗಿಗೆ ಓದಿನ ಹುಚ್ಚು. ಸಕ್ಕರೆ ಕಟ್ಟಿಕೊಟ್ಟ ಕಾಗದವನ್ನೂ ಬಿಡಿಸಿ ಓದುತ್ತಿದ್ದಳು. ಶಾಲೆಯವರ ಮುಂದೆ ಸತ್ತ ಎಂದು ಒಂದು ಮಾತು ಹೇಳಿದರಾಯಿತು ಎಂದು ಮನಸ್ಸು ಗಟ್ಟಿ ಮಾಡಿಕೊಂಡು, ಮಗಳಿಗೆ ಇದೇನನ್ನೂ ತಿಳಿಸದೆ ಅವಳನ್ನು ಕರೆದುಕೊಂಡು ಹಜಿರಾ ಹುಮನಾಬಾದಿನ ಮೋಟಾರು ಹತ್ತಿದಳು.

ಶಾಲೆ ನೋಡಿಕೊಳ್ಳುತ್ತಿದ್ದ ಕಮಳಾಬಾಯಿ ಇವಳ ಕೈತುಂಬ ಇದ್ದ ಹಸಿರು ಬಳೆ ನೋಡಿದಳು. ಕಮಳಾಬಾಯಿಯ ಕೈ ಬರಿದಾಗಿತ್ತು. ಅವಳ ಗಂಡನೂ ಅದೇ ಗದ್ದಲದಲ್ಲಿ ಸತ್ತಿದ್ದ. ಒಂದೇ ಜಾಗ ಉಳಿದಿದೆ, ಒಳಗೆ ಕಮಿಟಿಯವರು ಕೂತಿದ್ದಾರೆ, ಈ ಬಳೆ ನೋಡಿದರೆ ಯಾರೂ ನಂಬುವುದಿಲ್ಲ, ಅಂಗಳದ ಕಲ್ಲಿಗೆ ಒಡೆದುಬಿಡು ಎಂದಳು.

"ಒಡ್ಯಂಗಿಲ್ರಿ ಬಾಯಾರ. ಅವರು ಬಂದ್ರ ಮತ್ತ ಹಾಕ್ಕೋಬೇಕು."

ಕಮಳಾಬಾಯಿ ಸಾಬೂನು ತಂದುಕೊಟ್ಟಳು. ಮಗಳನ್ನು ಆಚೆ ಕೂರಿಸಿ, ಬಚ್ಚಲಲ್ಲಿ ನೊರೆ ಹಚ್ಚಿಕೊಂಡು ಹಜಿರಾ ಒಂದೊಂದೇ ಬಳೆ ಜಾರಿಸಿದಳು. ಕೈಯೆಲ್ಲ ಕೆಂಪಾಯಿತು. ಬಳೆ ಒಂದೂ ಒಡೆಯಲಿಲ್ಲ. ಎಲ್ಲವನ್ನೂ ಸೆರಗಿಗೆ ಗಂಟು ಹಾಕಿಕೊಂಡಳು.

ಒಳಗೆ ಕಮಿಟಿಯ ಹಿರಿಯರು ತಾಯಿಯನ್ನು ಬಿಟ್ಟು ಮಗಳನ್ನೇ ಕೇಳಿದರು, ಅಪ್ಪ ಎಲ್ಲಿ ಎಂದು. ಹಜಿರಾ ಸೆರಗಿನ ಗಂಟು ಹಿಡಿದುಕೊಂಡಳು. ಹುಡುಗಿ ಬರುತ್ತಾರೆ ಎಂದುಬಿಟ್ಟರೆ ಜಾಗ ಹೋದಂತೆಯೇ.

"ಸತ್ತಾರ್ರಿ," ಎಂದಳು ರಾಬಿಯಾ.

ಹಿರಿಯರು ಹೆಸರು ಬರೆದುಕೊಂಡರು. ಹಜಿರಾ ಹೆಬ್ಬೆಟ್ಟು ಒತ್ತಿದಳು. ಹೊರಗೆ ಬಂದವಳೇ ಮಗಳನ್ನು ತಬ್ಬಿಕೊಂಡು, ಅದೆಲ್ಲ ಶಾಲೆಯ ಸಲುವಾಗಿ ಹೇಳಿದ ಸುಳ್ಳು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಅಪ್ಪ ಬಂದೇ ಬರುತ್ತಾರೆ ಎಂದು ಸಮಾಧಾನ ಮಾಡತೊಡಗಿದಳು.

ರಾಬಿಯಾ ಅಳಲಿಲ್ಲ. ತಾಯಿಯ ಕಣ್ಣು ಒರೆಸಿದಳು.

"ಅಪ್ಪ ಸತ್ತಾರಂತ ನಂಗ ಮೊದ್ಲೇ ಗೊತ್ತದ ಅಮ್ಮಾ," ಎಂದಳು. "ನಿಂಗ ಗೊತ್ತಿಲ್ಲಂತ ಸುಮ್ಮನಿದ್ದೆ."