ತಡವಾಗಿ ಬಂದ ನಗು

ನಗುವನ್ನು ಕತ್ತರಿಸಿ ಅಂಟಿಸುವುದು ಅವಳ ಕೆಲಸ. ಟೀವಿಯ ಹಾಸ್ಯ ಧಾರಾವಾಹಿಗಳಲ್ಲಿ ಒಂದು ಮಾತು ಮುಗಿದೊಡನೆ ಕಾಣದ ಜನ ಗೊಳ್ಳೆಂದು ನಗುತ್ತಾರಲ್ಲ, ಆ ಜನರನ್ನು ತಂದು ಕೂರಿಸುವವಳು ಅವಳೇ. ಸ್ಟುಡಿಯೋದ ಕಿಟಕಿಯಿಲ್ಲದ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಮೂಗಿನಲ್ಲೇ ನಗುವವರು, ಬಾಯಿಗೆ ಕೈ ಅಡ್ಡ ಹಿಡಿದು ನಗುವವರು, ಪಕ್ಕದವರು ನಕ್ಕರೆಂದು ನಗುವವರು, ಎಲ್ಲರನ್ನೂ ಬೇರೆ ಬೇರೆ ಮಾಡಿ ಇಟ್ಟಿದ್ದಳು. ಕೊನೆಯವರನ್ನು ಎಂದೂ ಬಳಸುತ್ತಿರಲಿಲ್ಲ. ಅವರ ನಗು ಒಂದು ಚೂರು ತಡವಾಗಿ ಬರುತ್ತದೆ. ತಡವಾಗಿ ಬಂದ ನಗು ಸುಳ್ಳು ಎನ್ನುವುದು ಅವಳ ಕಸುಬಿನ ಮೊದಲ ಪಾಠ.

ಈಚೆಗೆ ಆ ನಗು ಅವಳ ಮನೆಯಲ್ಲೇ ಕೇಳಿಸತೊಡಗಿತ್ತು.

ರಜೆಯ ಮಧ್ಯಾಹ್ನ ಗಂಡ ಹೆಂಡತಿ ಕಿಟಕಿಗಳನ್ನು ಮುಚ್ಚಿ ಒಂದು ನಗೆಚಿತ್ರ ನೋಡುವುದು ಮದುವೆಯಾದಾಗಿನಿಂದ ನಡೆದುಬಂದದ್ದು. ದೆವ್ವ ಮನುಷ್ಯರಿಗೆ ಹೆದರುವ ಚಿತ್ರ, ಪತ್ತೇದಾರ ತನ್ನ ಹೆಜ್ಜೆಯನ್ನೇ ಹಿಂಬಾಲಿಸುವ ಚಿತ್ರ, ಶತ್ರು ಸೈನಿಕರಿಬ್ಬರು ಒಂದೇ ಕಂಬಳಿಗೆ ಕಿತ್ತಾಡುವ ಚಿತ್ರ, ಯಾವುದಾದರೂ ಸರಿ, ನಗಿಸಿದರಾಯಿತು. ಮರದ ಮಿಲ್ಲಿನಲ್ಲಿ ದಿನವಿಡೀ ಗರಗಸದ ಮುಂದೆ ನಿಲ್ಲುವ ಅವನು ಮೊದಲೆಲ್ಲ ಜೋಕು ಮುಗಿಯುವುದರೊಳಗೇ ನಕ್ಕು ಅವಳ ಪಾಲಿನದನ್ನೂ ಕೆಡಿಸುತ್ತಿದ್ದ. ಈಗ ಅವಳು ನಕ್ಕ ಮೇಲೆ ನಗುತ್ತಿದ್ದ. ಅದೂ ಟೀವಿಯನ್ನು ನೋಡುತ್ತಲ್ಲ, ಓರೆಗಣ್ಣಿನಲ್ಲಿ ಅವಳನ್ನು ನೋಡುತ್ತ. ತಪ್ಪು ಮಾಡಿದವರು ನೋಡುವ ಹಾಗೆ.

ತಲೆಗೆ ಹುಳ ಹೊಕ್ಕಿತು. ಫೋನ್ ಬಂದರೆ ಅವನು ತಾರಸಿಗೆ ಹೋಗುತ್ತಿದ್ದ. ಅಡುಗೆಮನೆಯಿಂದ ಕೂಗಿ ಏನಾದರೂ ಕೇಳಿದರೆ ಉತ್ತರವಿಲ್ಲ. ಎದುರಿಗೆ ಹೋಗಿ ನಿಂತರೆ ಏನೂ ಆಗದವನಂತೆ ಮಾತಾಡುತ್ತಿದ್ದ. ಇವೆಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅವನ ಪುಸ್ತಕಗಳು. ಒಳಕೋಣೆಯಲ್ಲಿ ಒಬ್ಬನೇ ಕೂತು ನಗೆ ಕಾದಂಬರಿ ಓದುವಾಗ ಅವನಿಂದ ಹೊಮ್ಮುತ್ತಿದ್ದ ನಗುವಿನಲ್ಲಿ ಕಲಬೆರಕೆ ಇರಲಿಲ್ಲ. ಅಂದರೆ ನಗು ಬತ್ತಿಲ್ಲ. ತನ್ನ ಪಕ್ಕದಲ್ಲಿ ಕೂತಾಗ ಮಾತ್ರ ಬರುತ್ತಿಲ್ಲ. ಅವನಿಲ್ಲದಾಗ ಆ ಪುಸ್ತಕಗಳನ್ನು ಒಂದೊಂದಾಗಿ ಕೊಡವಿ ನೋಡಿದಳು. ಯಾರ ಹೆಸರೂ ಇರಲಿಲ್ಲ, ಒಂದು ಚೂರು ಕಾಗದವೂ ಉದುರಲಿಲ್ಲ. ಏನೂ ಸಿಗದಿದ್ದುದೇ ಅನುಮಾನವನ್ನು ಗಟ್ಟಿ ಮಾಡಿತು. ಜಾಣ, ಎಲ್ಲವನ್ನೂ ಒರೆಸಿಟ್ಟಿದ್ದಾನೆ.

ಸ್ಟುಡಿಯೋದಲ್ಲಿ ಧ್ವನಿ ಬೆರೆಸುವವನ ಮುಂದೆ, ಯಾರೋ ಒಬ್ಬರ ಸಂಸಾರದ ಕಥೆ ಎನ್ನುವಂತೆ ವಿಷಯ ತೆಗೆದಳು. ಅವನು ಗುಂಡಿ ತಿರುಗಿಸುತ್ತಲೇ, "ಭಾವ ನಗದಿದ್ರೆ ನೀವೇ ಒಂದು ನಗು ಅಂಟಿಸಿಬಿಡಿ ಅಕ್ಕಾ. ದಿನಾ ಮಾಡೋ ಕೆಲಸ ತಾನೇ?" ಎಂದ. ತನ್ನ ಮನೆಯ ಮಾತೆಂದು ಅವಳು ಹೇಳಿರಲೇ ಇಲ್ಲ.

ಮುಂದಿನ ರಜೆಯಂದು, ತಾನು ಮೊದಲೇ ನೋಡಿದ್ದ ಚಿತ್ರವೊಂದನ್ನು ಬೇಕೆಂದೇ ಹಾಕಿದಳು. ಇಬ್ಬರು ಕಳ್ಳರು ಬೀಗ ಮಾಡುವವನ ಮನೆಗೇ ನುಗ್ಗುವ ಕಥೆ. ನಡುವೆ ಒಂದು ಕಡೆ ಮಾತ್ರ ನಗು ನಿಲ್ಲುತ್ತದೆ. ಬೀಗದವನು ಕಳ್ಳರ ಕೈಗೆ ಕಾಫಿ ಕೊಟ್ಟು, ಮಗ ಸತ್ತ ಮೇಲೆ ಈ ಮನೆಗೆ ಯಾರೂ ಬಂದಿರಲಿಲ್ಲ ಎನ್ನುತ್ತಾನೆ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ. ಅಲ್ಲಿ ಅವಳು ನಕ್ಕಳು.

ಅವನೂ ನಕ್ಕ. ತೊಡೆ ತಟ್ಟಿಕೊಂಡು ನಕ್ಕ.

ಮನಸ್ಸು ಇನ್ನೆಲ್ಲೋ ಇರುವವನು ಇಷ್ಟು ಮುತುವರ್ಜಿಯಿಂದ ನಗುತ್ತಾನೆಯೇ ಎಂದು ಒಂದು ಗಳಿಗೆ ಅನಿಸಿತು. ಆದರೆ ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಟೀವಿಯಿಂದ ಕಣ್ಣು ಕೀಳದೆ, ಸಣ್ಣ ದನಿಯಲ್ಲಿ ಕೇಳಿದಳು.

"ಯಾರವಳು?"

ಟೀವಿಯಲ್ಲಿ ಕಳ್ಳರು ಕಾಫಿ ಕುಡಿಯುತ್ತಿದ್ದರು.

"ಹೇಳಿಬಿಡಿ. ನಾನೇನೂ ರಂಪ ಮಾಡಲ್ಲ."

ಅದಕ್ಕೂ ಮಾತಿಲ್ಲ. ಆ ಮೌನವನ್ನೇ ಅವಳು ಉತ್ತರವೆಂದುಕೊಂಡಳು. ಅಕ್ಕನ ಮನೆಗೆ ಹೋಗಿ ಬಾಗಿಲು ತಟ್ಟುವುದು, ಅಕ್ಕ ಏನೂ ಕೇಳದೆ ಒಳಗೆ ಬಿಟ್ಟುಕೊಳ್ಳುವುದು, ಅಲ್ಲಿಯವರೆಗೂ ಮನಸ್ಸು ಓಡಿಹೋಗಿತ್ತು. ಅಳು ತಡೆಯಲು ಹೋಗಿ ಭುಜ ಅಲುಗಿತು.

ಪಕ್ಕದಲ್ಲಿ ಅವನು ನಕ್ಕ.

ಅವಳು ಸರಕ್ಕನೆ ತಿರುಗಿದಳು. ಅವಳ ಕಣ್ಣು ಕಂಡದ್ದೇ ಅವನ ನಗು ಅರ್ಧಕ್ಕೆ ನಿಂತಿತು.

"ಏನಾಯ್ತೇ? ಏನಾದ್ರೂ ಹೇಳಿದ್ಯಾ? ಈ ಕಡೆ ತಿರುಗಿ ಹೇಳು. ಮುಖ ಕಾಣದಿದ್ರೆ ನನಗೆ ಗೊತ್ತಾಗಲ್ಲ."

ಹೇಳಿಯಾದ ಮೇಲೆ ಆ ಮಾತಿನ ಅರ್ಥ ಅವನಿಗೇ ಹೊಳೆದಂತೆ ಕಂಡಿತು. ತಲೆ ತಗ್ಗಿಸಿದ. ಆಮೇಲೆ ತಡೆತಡೆದು ಎಲ್ಲ ಹೊರಬಂತು. ಗರಗಸ ಮೊದಲು ಎಡಗಿವಿಯನ್ನು ತಿಂದಿತ್ತು, ಈಗ ಬಲಗಿವಿಗೂ ಬಾಯಿ ಹಾಕಿತ್ತು. ಎದುರು ನಿಂತವರ ತುಟಿ ನೋಡಿ ಹೇಗೋ ನಿಭಾಯಿಸುತ್ತಿದ್ದ. ಫೋನಿನ ದನಿ ಪೂರ್ತಿ ಏರಿಸಬೇಕಾಗುತ್ತಿದ್ದುದರಿಂದ ತಾರಸಿಗೆ ಹೋಗುತ್ತಿದ್ದ. ಚಿತ್ರದಲ್ಲಿ ಮಾತಾಡುವವರು ಒಮ್ಮೆ ಬೆನ್ನು ತಿರುಗಿಸಿದರೆ ಕಥೆಯೇ ಕೈಬಿಟ್ಟು ಹೋಗುತ್ತಿತ್ತು. ಪುಸ್ತಕಕ್ಕೆ ಮಾತ್ರ ಕಿವಿ ಬೇಕಿರಲಿಲ್ಲ.

"ನನಗ್ಯಾಕೆ ಹೇಳಲಿಲ್ಲ?" ಎಂದಳು, ಅವನ ಕಡೆಗೆ ಮುಖವಿಟ್ಟು.

"ಕಿವಿ ನಂಬಿ ಬದುಕೋಳು ನೀನು. ನಿನ್ನ ಹತ್ರ ಹೇಗೆ ಹೇಳ್ಲಿ? ಹೇಳಿದ್ರೆ ಹೀಗೆ ಜೊತೆಗೆ ಕೂರೋದೂ ನಿಂತುಹೋಗುತ್ತೆ ಅನ್ನಿಸ್ತು. ನಿನ್ನ ಭುಜ ನೋಡ್ಕೊಂಡು ನಗ್ತಿದ್ದೆ." ಟೀವಿಯ ಕಡೆ ಕೈ ತೋರಿಸಿ ಕೇಳಿದ, "ಆ ಬೀಗದೋನು ಏನಂದ?"

ಅವಳು ಹೇಳಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

ಅದರ ಮುಂದಿನ ರಜೆಗೆ ಟೀವಿ ಹಾಕಲಿಲ್ಲ. ಕಿಟಕಿ ತೆರೆದು, ಅವನ ಕಾದಂಬರಿಯೊಂದನ್ನು ಇಬ್ಬರ ಮಡಿಲಿಗೂ ಅಡ್ಡಲಾಗಿ ಇಟ್ಟುಕೊಂಡರು. ಅವಳು ಪುಟದ ಮೇಲಿನ ಸಾಲುಗಳಲ್ಲೇ ಇದ್ದಳು, ಅವನು ಫಕ್ಕನೆ ನಕ್ಕ. ನಿಜದ ನಗುವೋ, ತನ್ನ ಸಮಾಧಾನಕ್ಕೆಂದು ನಕ್ಕಿದ್ದೋ? ಜೋಕು ಇನ್ನೂ ತನಗೆ ಸಿಕ್ಕಿಲ್ಲದಿರುವಾಗ ನಗು ತಡವೋ ಬೇಗವೋ ಹೇಳುವುದು ಹೇಗೆ? ಅವನ ತೋಳು ತಟ್ಟಿ, ಅವನತ್ತ ಮುಖ ತಿರುಗಿಸಿ, ಯಾವ ಸಾಲಿಗೆ ಎಂದು ಕೇಳಿದಳು.

"ಹೇಳಲ್ಲ. ಓದ್ಕೊಂಡು ಬಾ" ಎಂದು ಅವನು ಪುಟದ ಅಂಚು ಹಿಡಿದು ಕಾಯುತ್ತ ಕೂತ.

ಅವಳು ಒಂದೊಂದು ಸಾಲನ್ನೂ ಶಂಕಿಸುತ್ತ, ಕೆಳಕ್ಕೆ ಇಳಿಯತೊಡಗಿದಳು.