ಎಡಕ್ಕೆ ಗಿಡ್ಡ, ಬಲಕ್ಕೆ ಉದ್ದ

ಆಪರೇಶನ್ ಆದ ಮೇಲೆ ನನ್ನ ಎಡಮಂಡಿ ಪೂರ್ತಿ ಮಡಚುವುದಿಲ್ಲ. ಮಡಚದಿದ್ದರೆ ಅತ್ತ ಬೀಳಲಿ. ಆದರೆ ಸೈಕಲ್ ತುಳಿಯದೆ ಬದುಕಲು ನನ್ನಿಂದಾಗದು. ಎಡಗಡೆಯ ಕ್ರ್ಯಾಂಕ್, ಅಂದರೆ ಪೆಡಲ್ ಹಿಡಿದು ತಿರುಗುವ ಉಕ್ಕಿನ ತೋಳು, ಗಿಡ್ಡದ್ದಾದರೆ ತುಳಿಯಬಹುದು ಎಂದರು ಡಾಕ್ಟರು. ನನ್ನ ಸೈಕಲ್ಲು ಅಪ್ಪನ ಕಾಲದ್ದು. ಈಗಿನ ಅಂಗಡಿಯ ಸಾಮಾನು ಅದಕ್ಕೆ ಕೂರುವುದಿಲ್ಲ.

ಅಣ್ಣನ ಗಾಜಿನ ಬೀರುವಿನಲ್ಲಿ ಅಂಥ ಹಳೇ ಕ್ರ್ಯಾಂಕುಗಳು ಎರಡು ಜೊತೆ ಇದ್ದವು: ಒಂದು ಜೊತೆ ಉದ್ದದ್ದು, ಇನ್ನೊಂದು ಎಲ್ಲೂ ಸಿಗದ ಗಿಡ್ಡದ್ದು. ಅತ್ತಿಗೆಯ ಬಳೆಗಳು ಮಾತ್ರ ಅಡುಗೆಮನೆಯ ಡಬ್ಬದಲ್ಲಿದ್ದವು.

"ಎರಡರಲ್ಲೂ ಒಂದೊಂದು ಕೊಡು, ನನ್ನ ಬಲಗಡೇದೂ ಸವೆದುಹೋಗಿದೆ," ಎಂದೆ.

"ಜೊತೆ ಒಡೆಯೋಕಾಗಲ್ಲ ಕಣೇ. ಒಟ್ಟಿಗೇ ಹುಟ್ಟಿದ್ದಾವೆ."

"ನಾವೂ ಒಂದೇ ಹೊಟ್ಟೇಲಿ ಹುಟ್ಟಿದ್ದು."

"ಅದು ಬೇರೆ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಕೊನೆಗೆ ತಾನೇ ಒಂದು ದಾರಿ ಹುಡುಕಿದ. ನಮ್ಮ ಬೀದಿಯಲ್ಲೇ ಬಲಮಂಡಿ ಕೆಟ್ಟವರು ಒಬ್ಬರು ಸಿಗಬೇಕು. ಉಳಿದೆರಡು ತೋಳು ಹಾಕಿ ಅವರಿಗೊಂದು ಸೈಕಲ್ ಕಟ್ಟಿಕೊಟ್ಟರಾಯಿತು. "ಆಗ ನಾಲ್ಕು ತೋಳೂ ಒಂದೇ ಬೀದೀಲಿ ದಿನಾ ಮುಖ ನೋಡ್ಕೊಂಡಿರ್ತವೆ," ಎಂದ.

ಮಾರನೆಯ ದಿನದಿಂದ ಬಸ್ ಸ್ಟಾಪಿನಲ್ಲಿ ನಿಂತು, ಕುಂಟುವವರನ್ನೆಲ್ಲ ತಡೆದು, "ನೋವು ಯಾವ ಕಾಲಲ್ಲಿ?" ಎಂದು ವಿಚಾರಿಸತೊಡಗಿದ. ಒಬ್ಬ ಹೆಂಗಸು ಕೊಡೆ ಎತ್ತಿದಳಂತೆ. "ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ನಮ್ಮೋರು ಕಂಡೋರ ಮಂಡಿ ಹಿಡ್ಕೊಂಡಿದಾರೆ," ಎಂದಳು ಅತ್ತಿಗೆ.

ಸಿಕ್ಕಿದ್ದು ಅವನಿಗಲ್ಲ, ನನಗೆ. ಬೀದಿಯ ಕೊನೆಯಲ್ಲಿ ಬೀಗ ರಿಪೇರಿ ಮಾಡುವವರು ಬಲಗಾಲನ್ನು ನೆಟ್ಟಗೆ ಚಾಚಿಯೇ ಕೂರುತ್ತಿದ್ದರು. ಕೈಹಿಡಿದು ಅಣ್ಣನ ಮನೆಗೆ ಕರೆತಂದೆ.

ಅಣ್ಣನ ಮುಖ ಸಣ್ಣದಾಯಿತು. "ಎಡಗಾಲಿರಬೇಕು, ಸರಿಯಾಗಿ ನೋಡ್ಕೊಳ್ಳಿ," ಎಂದ.

"ನನ್ನ ಕಾಲು ನನಗೆ ಗೊತ್ತಿಲ್ವಾ ಸ್ವಾಮಿ?"

"ಸೈಕಲ್ ಬರುತ್ತಾ?"

"ಬರಲ್ಲ. ಕಲೀತೀನಿ ಬಿಡಿ."

ಅಣ್ಣ ನೆಲದ ಮೇಲೇ ಕುಸಿದು ಕೂತ. "ಯಾರೂ ಸಿಗಲ್ಲ ಅಂತಾನೇ ಹುಡುಕ್ತಿದ್ದೆ ಕಣೇ."

ನನಗೆ ಸಿಟ್ಟೂ ಬಂತು, ಅಳುವೂ ಬಂತು. "ಹಾಗಾದ್ರೆ ನಾನಿನ್ನು ತುಳಿಯೋದೇ ಬೇಡ್ವಾ ಅಣ್ಣ?"

ಅವನು ಎದ್ದು ಬೀರು ತೆಗೆದ. ಎರಡು ತೋಳನ್ನು ಬೀಗದವರ ಸೈಕಲ್ಲಿಗೆಂದು ಎತ್ತಿಟ್ಟು, ನನ್ನ ಸೈಕಲ್ಲಿಗೆ ಉಳಿದೆರಡನ್ನೂ ತಾನೇ ಕೂರಿಸಿದ. ಕೇಳಿದರೂ ಸ್ಪ್ಯಾನರನ್ನು ನನ್ನ ಕೈಗೆ ಕೊಡಲಿಲ್ಲ.

ಬೀದಿಗಿಳಿಸಿ ಹತ್ತಿದೆ. ಪೆಡಲ್ ಒಂದು ಸುತ್ತು ಬಂತು, ಮಂಡಿ ನೋಯಲಿಲ್ಲ. ಅಣ್ಣ ಪಕ್ಕದಲ್ಲೇ ಏದುಸಿರು ಬಿಡುತ್ತ ಓಡಿಬಂದ.

"ಬೀಳೋದಾದ್ರೆ ಬಲಕ್ಕೆ ಬೀಳೇ," ಎಂದ.

ಎಡಗಡೆ ನನ್ನ ಮಂಡಿಯೂ ಇತ್ತು, ಅವನ ಗಿಡ್ಡ ಕ್ರ್ಯಾಂಕೂ ಇತ್ತು. ಯಾವುದನ್ನು ಉಳಿಸಲು ಹೇಳಿದ್ದು ಎಂದು ಕೇಳದೆ ಜೋರಾಗಿ ತುಳಿದೆ.