ಎರಡನೇ ಬ್ರೇಕು

ನನ್ನ ಅಣ್ಣನದು ಡ್ರೈವಿಂಗ್ ಸ್ಕೂಲು. ಅವನ ಕಾರಿಗೆ ಎರಡು ಬ್ರೇಕು: ಒಂದು ಕಲಿಯುವವರ ಕಾಲಡಿ, ಇನ್ನೊಂದು ಪಕ್ಕದ ಸೀಟಿನಲ್ಲಿ ಅವನ ಕಾಲಡಿ. ಹೀಗೇ ಕೂತು ಕೂತು, ಲೋಕದಲ್ಲಿ ಯಾರು ಎಲ್ಲಿಗೆ ಹೊರಟರೂ ಅವನ ಕಾಲು ತಾನಾಗಿಯೇ ಒತ್ತಿಕೊಳ್ಳುತ್ತದೆ.

ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಗೆ ಹೆಸರು ಕೊಟ್ಟಾಗ ಅವನಿಗೆ ನಿಯಮ ಬಿಡಿಸಿ ಹೇಳಿದ್ದೆ. ಇದರಲ್ಲಿ ಗೆದ್ದವರು, ಸೋತವರು ಅಂತಿಲ್ಲ. ಹೊತ್ತಿನೊಳಗೆ ಮುಟ್ಟಬೇಕು, ಅಷ್ಟೆ. ಆದರೆ ಮನೆಯವರು ಹಿಂದೆ ಬರಬಾರದು, ದಾರಿಯಲ್ಲಿ ಏನೂ ಕೊಡಬಾರದು. ಪಂಕ್ಚರ್ ಆದರೂ ನಾನೇ, ನೆನೆದರೂ ನಾನೇ.

"ಆಯ್ತು ಪುಟ್ಟಿ, ನಾನ್ಯಾಕೆ ಬರ್ಲಿ? ನಂಗೇನು ಬೇರೆ ಕೆಲ್ಸ ಇಲ್ವಾ?"

ನನಗೆ ನಲವತ್ತು ದಾಟಿದೆ. ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ನನ್ನ ಮಾತಿಗೆ ಆರು ಜನ ಎದ್ದು ನಿಲ್ಲುತ್ತಾರೆ. ಅವನಿಗೆ ಮಾತ್ರ ಪುಟ್ಟಿ. ಒಂದೇ ಒಂದು ಕೆಲಸವನ್ನು ಒಬ್ಬಳೇ ಮುಗಿಸಿದೆ ಎನ್ನಬೇಕಿತ್ತು ನನಗೆ.

ಹೊರಟಾಗ ಮಂಜು. ಅದು ಕರಗುತ್ತಲೇ ನೆತ್ತಿ ಸುಡುವ ಬಿಸಿಲು. ಊಟದ ಹೊತ್ತಿಗೆ ಗಾಳಿ ಎದುರಾಗಿ, ತುಳಿದಷ್ಟೂ ದಾರಿ ಬೆಳೆಯುತ್ತಿತ್ತು. ಚಿಕ್ಕಂದಿನಲ್ಲಿ ಅಜ್ಜಿ ಹೇಳಿಸುತ್ತಿದ್ದ ಪದ್ಯಗಳನ್ನು ಒಂದೊಂದಾಗಿ ನೆನೆದೆ. ಏರಿಗೆ ನಿಧಾನದವು, ಇಳಿಜಾರಿಗೆ ಓಟದವು. ಆಮೇಲೆ ಮೋಡ ಕವಿದು ಹಗಲೇ ಕಪ್ಪಿಟ್ಟಿತು. ಆಲಿಕಲ್ಲು ಹೆಲ್ಮೆಟ್ಟಿನ ಮೇಲೆ ತಾಳ ಹಾಕಿತು. ದೇವರೇ, ಕಾಲು ಕೊಟ್ಟಿದ್ದೀಯ, ಅಷ್ಟು ಸಾಕು ಎಂದುಕೊಂಡೆ.

ಸೇತುವೆ ದಾಟುವಾಗ ನನ್ನ ನೆರಳು ನನ್ನ ಮುಂದೆ ಉದ್ದಕ್ಕೆ ಬಿತ್ತು. ಇಂಥ ಮಳೆಯಲ್ಲಿ ನೆರಳೇ? ತಿರುಗಿದೆ. ಎರಡು ಹೆಡ್‌ಲೈಟು, ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಬೋರ್ಡು.

"ಅಣ್ಣಾ! ಮನೆಗೆ ಹೋಗು!"

ಕಿಟಕಿ ಇಳಿಯಿತು. "ಯಾಕೆ, ರಸ್ತೆ ನಿಮ್ಮಪ್ಪಂದಾ?"

"ನಿಮ್ಮಪ್ಪ ಬೇರೆ, ನಮ್ಮಪ್ಪ ಬೇರೆನೇನೋ?"

"ಅದಕ್ಕೇ ಬಂದಿದ್ದು. ರೇನ್‌ಕೋಟ್ ತಗೋ."

ತೆಗೆದುಕೊಳ್ಳಲಿಲ್ಲ. ನಾನು ಹೊರಟರೆ ಅವನೂ ಹೊರಟ, ನಿಂತರೆ ನಿಂತ. ಕೊನೆಗೆ ಮುಚ್ಚಿದ ಅಂಗಡಿಯ ಸೂರಿನಡಿ ಹಲ್ಲು ಕಚ್ಚಿ ಕೂತೇಬಿಟ್ಟೆ. ಅವನಿಗೆ ಬೇಜಾರಾಗಿ, "ಹಟಮಾರಿ!" ಎಂದು ಬೈದು ಕಾರು ಓಡಿಸಿಕೊಂಡು ಹೋದ. ಕಳೆದ ಹೊತ್ತನ್ನು ತುಳಿದೇ ಸಂಪಾದಿಸಿದೆ. ಗಡುವು ಮುಗಿಯುವ ಮುನ್ನ ಮುಟ್ಟಿದೆ.

ಅಲ್ಲಿ, ಸವಾರಿ ಮುಗಿಸಿದವರ ಕಾರ್ಡಿಗೆ ಸೀಲು ಒತ್ತುವ ನಿವೃತ್ತ ಮೇಷ್ಟ್ರ ಪಕ್ಕದಲ್ಲಿ, ಚಹಾ ಹೀರುತ್ತ ಕೂತಿದ್ದಾನೆ ಮಹಾರಾಯ!

"ನೋಡಿ ಸರ್, ನನ್ನ ತಂಗಿ! ಸೇತುವೆ ಹತ್ರ ಕಗ್ಗತ್ತಲು. ನಾನು ಹಿಂದೆ ಲೈಟ್ ಹಾಕ್ಕೊಂಡು ಬರ್ದಿದ್ರೆ ಗುಂಡಿಗೆ ಬೀಳ್ತಿದ್ಲು."

ಅಕ್ಕಪಕ್ಕದ ಸವಾರರೆಲ್ಲ ತಿರುಗಿದರು. ಮೇಷ್ಟ್ರು ಎತ್ತಿದ ಕೈ ಅಲ್ಲೇ ನಿಂತಿತು. "ಹೌದೇನಮ್ಮ?"

ದೇವರ ಮೇಲೆ ಭಾರ ಹಾಕಿ ಬಂದವಳು ಸುಳ್ಳು ಹೇಳಲೇ? "ನಾನು ಕರೀಲಿಲ್ಲ ಸರ್. ಕೋಟು ಮುಟ್ಲಿಲ್ಲ. ಲೈಟು ಬಿದ್ದಿದ್ದು ನಿಜ."

"ತಪ್ಪು ನಿಂದಲ್ಲ, ಗೊತ್ತು. ಆದ್ರೆ ಇಷ್ಟು ಜನರ ಮುಂದೆ ಅವರೇ ಹೇಳಿದ್ಮೇಲೆ ನಾನೇನು ಮಾಡ್ಲಿ?" ಸೀಲನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

ಅಣ್ಣ ಎಗರಿದ. "ತಂಗಿಗೆ ಬೆಳಕು ತೋರ್ಸೋದು ತಪ್ಪಾ? ಯಾವ ಸೀಮೆ ನಿಯಮ ರೀ ಇದು?"

ಮೈಯೆಲ್ಲ ಉರಿಯಿತು. "ಜಗಳನಾದ್ರೂ ನಂಗೆ ಬಿಡೋ!" ಎಂದು ಕಿರುಚಿದೆ. ನಾನು ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಸೈಕಲನ್ನು ಕಾರಿನ ಮೇಲೆ ಕಟ್ಟಿ, ಪಕ್ಕದ ಬಾಗಿಲು ತೆಗೆದ. ಕೂತೆ.

ಮಳೆ ನಿಂತು ಇಳಿಬಿಸಿಲು ಬಿದ್ದಿತ್ತು. ರಸ್ತೆ ಖಾಲಿ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಸ್ವಲ್ಪ ದೂರ ಹೋದ ಮೇಲೆ ಅವನು ನಿರಾಳವಾಗಿ ಸಿಳ್ಳೆ ಹಾಕತೊಡಗಿದ. ನನ್ನ ಕಾಲಡಿಯ ಬ್ರೇಕನ್ನು ಒತ್ತಿದೆ. ಕಾರು ಮುಗ್ಗರಿಸಿ ನಿಂತಿತು.

"ಏನ್ ಮಾಡ್ತಿದೀಯೇ?"

"ನೀನು ಗುಂಡಿಗೆ ಬೀಳ್ತಿದ್ದೆ."

"ಗುಂಡಿ ಎಲ್ಲಿದೆ?"

ಬ್ರೇಕಿನಿಂದ ಕಾಲು ತೆಗೆದೆ. ಅವನು ಗೊಣಗುತ್ತ ಹೊರಟ. ಮತ್ತೆ ಒತ್ತಿದೆ.